ಕಡೆಯ ಎಲೆಗೆ ಬಡಿಸಿದವರು

ರವಿಕೆ ಹೊಲಿಸಲು ಬರುವ ಹುಡುಗಿಯರಿಗೆ ನನ್ನ ಹಳೇ ಫೋನು ಕಂಡರೆ ನಗು. ಗಾಜು ಒಡೆದಿದೆ, ಹಿಂದಿನ ಮುಚ್ಚಳ ಬೀಳದ ಹಾಗೆ ರಬ್ಬರ್ ಬ್ಯಾಂಡ್ ಹಾಕಿದೆ, ಅದರಲ್ಲಿ ಒಂದು ಫೋಟೋ ತೆರೆದುಕೊಳ್ಳುವಷ್ಟರಲ್ಲಿ ನಾನು ಒಂದು ತೋಳು ಹೊಲಿದು ಮುಗಿಸುತ್ತೇನೆ. ಇದನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳುತ್ತಾರೆ. ಮಗಳು ಕೊಡಿಸಿದ ಹೊಸ ಫೋನೂ ನನ್ನ ಹತ್ತಿರ ಇದೆ. ಆದರೆ ಹಳೆಯದನ್ನು ಬಿಸಾಡುವ ಅಧಿಕಾರ ನನ್ನೊಬ್ಬಳದ್ದಲ್ಲ. ಅದರಲ್ಲಿ ಅರ್ಧ ಪಾಲು ಪಕ್ಕದ ಅಂಗಡಿಯವರದ್ದು, ಮತ್ತು ಆ ಮನುಷ್ಯ ಈಗ ಇಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಫೋಟೋ ಯಾಕೆ ಹಾಕಲಿಲ್ಲ ಎಂದು ಅಲ್ಲಿಂದಲೂ ಜಗಳಕ್ಕೆ ಬರುವ ಪೈಕಿ. ಸಿರ್ಸಿಯಲ್ಲಿ ಅವರನ್ನು ಎಲ್ಲರೂ 'ಲೈವಿನವರು' ಎನ್ನುತ್ತಿದ್ದರು. ಮದುವೆ, ಮುಂಜಿ, ಗೃಹಪ್ರವೇಶ, ತಾಳಮದ್ದಳೆ, ಯಾವುದನ್ನೇ ಆಗಲಿ, ಬರಲಾಗದವರು ಮನೆಯಲ್ಲಿ ಕೂತು ಫೋನಿನಲ್ಲಿ ನೋಡುವ ಹಾಗೆ ನೇರಪ್ರಸಾರ ಮಾಡುವುದು ಅವರ ಉದ್ಯೋಗ. ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವರ ಸ್ಟುಡಿಯೋಕ್ಕೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಒಂದು ಹಲಗೆ ಗೋಡೆ ಇತ್ತು. ಗೋಡೆ ಎಂದು ಕರೆಯುವುದು ಅದಕ್ಕೆ ಮರ್ಯಾದೆ ಕೊಟ್ಟ ಹಾಗೆ. ಅವರು ಆ ಕಡೆ ಕೆಮ್ಮಿದರೆ ಈ ಕಡೆ ನನ್ನ ಸೂಜಿ ನಡುಗುತ್ತಿತ್ತು.

ಬನವಾಸಿ ಕಡೆಯವರು. ಗಿಡ್ಡ, ದಪ್ಪ, ದನಿ ಮಾತ್ರ ಇಬ್ಬರಿಗಾಗುವಷ್ಟು. ಮೈಮೇಲೆ ಸದಾ ಒಂದು ಜಾಕೆಟ್ಟು, ಅದಕ್ಕೆ ಎಲ್ಲೆಂದರಲ್ಲಿ ಕಿಸೆ, ಕಿಸೆಗೊಂದು ಫೋನು, ಫೋನಿಗೊಂದು ಕಂಪನಿಯ ಸಿಮ್ಮು. ಒಂದು ಊರಿನಲ್ಲಿ ಒಂದು ಕಂಪನಿ ಸಿಕ್ಕಿದರೆ ಗುಡ್ಡ ಇಳಿದರೆ ಇನ್ನೊಂದು. ಎಲ್ಲವನ್ನೂ ಸೇರಿಸಿ ಒಂದು ಮಷೀನಿಗೆ ಕೊಟ್ಟು ಅದರ ಬಲದಿಂದ ಮದುವೆಯನ್ನು ಇಂಟರ್ನೆಟ್ಟಿಗೆ ಏರಿಸುವುದು ಅವರ ವಿದ್ಯೆ. ಆ ಜಾಕೆಟ್ ಹೊಲಿದವಳು ನಾನೇ. ಹೊಲಿದು ಕೊಟ್ಟ ಮೇಲೂ "ಅಕ್ಕಾರ, ಬೆನ್ನಿಗೊಂದು ಕಿಸೆ ಇಡ್ರಿ" ಎಂದು ಬಂದರು. ಬೆನ್ನ ಮೇಲಿನ ಫೋನನ್ನು ತೆಗೆಯುವುದು ಹೇಗೆ ಎಂದೆ. "ತಗೀಯೂದು ಯಾಕ್ರಿ, ಅದು ಬರೇ ಸಿಗ್ನಲ್ ಹಿಡೀಲಿ" ಎಂದರು. ಮನೆಯಿಂದ ಹೆಂಡತಿ ಫೋನ್ ಮಾಡಿದಾಗ ಯಾವುದು ಬಡಿದುಕೊಳ್ಳುತ್ತಿದೆ ಎಂದು ತಿಳಿಯದೆ ಮೈತುಂಬ ಸೊಳ್ಳೆ ಹೊಡೆದುಕೊಳ್ಳುವವರ ಹಾಗೆ ಬಡಿದುಕೊಳ್ಳುತ್ತಿದ್ದರು.

ಬಡಾಯಿಗೆ ಅವರಲ್ಲಿ ಬರವಿರಲಿಲ್ಲ. ನೆಟ್‌ವರ್ಕಿನ ವಿಷಯದಲ್ಲಿ ಅವರದ್ದೇ ಒಂದು ಶಾಸ್ತ್ರ. ಹಲಸಿನ ಮರದ ಬುಡದಲ್ಲಿ ಸಿಗ್ನಲ್ ಚೆನ್ನಾಗಿ ನಿಲ್ಲುತ್ತದೆ, ಮಾವಿನ ಮರ ಅದನ್ನು ಕುಡಿದುಬಿಡುತ್ತದೆ, ಹೀಗೆ. ಒಂದೂ ನಿಜವಲ್ಲ. ನಾನೇ ಎಷ್ಟೋ ಸಲ ಹಲಸಿನ ಬುಡದಲ್ಲಿ ನಿಂತು ಮಗಳಿಗೆ ಫೋನ್ ಮಾಡಲು ನೋಡಿ ಮುಖಕ್ಕೆ ಇರುವೆ ಹತ್ತಿಸಿಕೊಂಡಿದ್ದೇನೆ. ಹೇಳಿದರೆ, "ಅದು ಬಕ್ಕೆ ಹಲಸಾ, ಬಿಳುವಾ?" ಎಂದು ಹಲಸಿನ ಜಾತಿ ಹಿಡಿದು ನನ್ನನ್ನೇ ವಿಚಾರಣೆ ಮಾಡಿದರು.

ಯಲ್ಲಾಪುರದ ಕಡೆ ಒಂದು ಮುಂಜಿಯಲ್ಲಿ ಎಲ್ಲಿಯೂ ಸಿಗ್ನಲ್ ಸಿಗದೆ, ಒಂದು ಫೋನನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿಟ್ಟು ಬಿದಿರು ಗಳದ ತುದಿಗೆ ಕಟ್ಟಿ ಮೇಲೆತ್ತಿದ್ದರಂತೆ. ಬಕೆಟ್ಟಿನಲ್ಲಿ ಬಾಳೆಹಣ್ಣು ಇರಬೇಕು ಎಂದುಕೊಂಡ ಮಂಗ ಬಂದು ಫೋನನ್ನೇ ಎತ್ತಿಕೊಂಡು ಮತ್ತಿ ಮರದ ನೆತ್ತಿ ಹತ್ತಿತಂತೆ. ವಟುವಿನ ಅಪ್ಪ ಕಲ್ಲು ಹೊಡೆಯಲು ಹೊರಟರೆ ಇವರು ಕೈ ಅಡ್ಡ ಹಿಡಿದರಂತೆ. "ಬ್ಯಾಡ್ರೀ ಯಜಮಾನ್ರ, ಅದು ಅಲ್ಲೇ ಕುಂದರ್ಲಿ. ಇಂಥಾ ನೆಟ್‌ವರ್ಕ್ ನಾ ಜಲಮದಾಗ ನೋಡಿಲ್ಲ." ಭಿಕ್ಷಾಕಾಲ ಮುಗಿಯುವ ತನಕ ಮಂಗ ಮರದ ಮೇಲೆ, ಲೈವು ಕನ್ನಡಿಯ ಹಾಗೆ. ಈ ಕಥೆಯನ್ನು ನಾನು ಪೂರ್ತಿ ನಂಬಿಲ್ಲ. ಆದರೆ ಹೇಳುವಾಗ ಪ್ರತಿ ಸಲವೂ ಅದೇ ಮರ, ಅದೇ ಬಕೆಟ್ಟು. ಸುಳ್ಳಾಗಿದ್ದರೆ ಅಷ್ಟು ಹೊತ್ತಿಗೆ ಮಂಗ ಎರಡಾಗಿರುತ್ತಿತ್ತು.

ಕೆಲಸಕ್ಕೆ ಕರೆಯಲು ಬಂದವರಿಗೆ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಮುಹೂರ್ತ ಯಾವಾಗ ಎಂದಲ್ಲ. "ನಿಮ್ಮ ಬಳಗದಾಗ ಎಲ್ಲಾರ್ಕಿಂತ ಕೆಟ್ಟ ಫೋನು ಯಾರ ಕಡೆ ಐತ್ರಿ?" ಎನ್ನುವುದು. ಇಂಥ ಪ್ರಶ್ನೆಗೆ ಯಾರಿಗೆ ಸಿಟ್ಟು ಬರುವುದಿಲ್ಲ? ಸಿದ್ದಾಪುರದ ಕಡೆಯ ಹಿರಿಯರೊಬ್ಬರು, "ನಮ್ಮನೆಲಿ ಯಾರದ್ದೂ ಕೆಟ್ಟ ಫೋನ್ ಇಲ್ಲೆ. ನಿಂಗೆ ಎಂತ ಕೆಲಸವೋ ಅದನ್ನ ಮಾಡು" ಎಂದು ಎದ್ದು ಹೊರಟೇಬಿಟ್ಟಿದ್ದರು. ಗಲ್ಲಿಯ ತುದಿಯಿಂದ ಅವರೇ ತಿರುಗಿ ಬಂದು, ದನಿ ತಗ್ಗಿಸಿ, "ನಮ್ಮ ಅತ್ತೆದು ಸ್ವಲ್ಪ ಹಳೇದು" ಎಂದರು.

ಆ ಪ್ರಶ್ನೆಯ ಮೂಲ ಒಂದು ಊಟ. ಹೊಸದಾಗಿ ನಮ್ಮ ಕಡೆಯ ಮದುವೆಗಳಿಗೆ ಹೋಗತೊಡಗಿದ ಕಾಲದಲ್ಲಿ ಮನ್ಮನೆ ಎಂಬ ಊರಿನಲ್ಲಿ ಪಂಕ್ತಿಗೆ ಕೂತಿದ್ದರಂತೆ. ಮಧ್ಯಾಹ್ನದ ಹೊತ್ತು, ಕೆಲಸದ ಅವಸರ, ಗಬಗಬ ಉಂಡು ಎದ್ದರು. ಪಕ್ಕದ ಎಲೆಯ ಯಜಮಾನರು ಅವರ ಪಂಚೆ ಹಿಡಿದು ಕೂರಿಸಿದರು. ಪಂಕ್ತಿಯ ಕಡೆಯ ಎಲೆಯಲ್ಲಿ ಹಲ್ಲಿಲ್ಲದ ಒಬ್ಬ ಅಜ್ಜ ಕೂತಿದ್ದ. ಅವನದ್ದು ಮುಗಿಯದೆ ಯಾರೂ ಏಳುವ ಹಾಗಿಲ್ಲ. ಅಜ್ಜನಿಗೋ ಪಾಯಸ ಹಿಡಿಸಿತ್ತು. ಮತ್ತೊಂದು ಸೌಟು ಕೇಳಿದ, ಆಮೇಲೆ ಮಜ್ಜಿಗೆ, ಆಮೇಲೆ ಉಪ್ಪಿನಕಾಯಿ ನೆನಪಾಯಿತು. ಇವರ ಕೈ ಒಣಗಿ ಬೆರಳು ಅಂಟಿಕೊಂಡವು. ಇಡೀ ಪಂಕ್ತಿ ಒಬ್ಬ ಅಜ್ಜನಿಗಾಗಿ ಕಾಯುತ್ತ ಕೂತಿದೆ, ಒಬ್ಬರಿಗೂ ಬೇಜಾರಿಲ್ಲ.

"ಅವತ್ತ ನನಗ ನನ್ನ ಕೆಲಸ ತಿಳೀತು ನೋಡ್ರಿ" ಎನ್ನುತ್ತಿದ್ದರು. "ನಾ ಮಾಡೂದು ಫೋಟೋ ಕೆಲಸ ಅಲ್ಲ. ಬಡಸೂ ಕೆಲಸ."

ಒಂದೇ ಮದುವೆಯನ್ನು ಅವರ ಮಷೀನು ನಾಲ್ಕೈದು ಅಳತೆಯಲ್ಲಿ ತಯಾರು ಮಾಡುತ್ತದಂತೆ. ದೊಡ್ಡ ಟೀವಿಗೆ ದೊಡ್ಡದು, ಒಳ್ಳೆಯ ಫೋನಿಗೆ ನಡುವಿನದು, ನನ್ನಂಥವರಿಗೆ ಚಿಕ್ಕದು. ಪ್ರತಿ ಅಳತೆಯನ್ನೂ ತುಂಡು ತುಂಡು ಮಾಡಿ ಸಾಲಾಗಿ ಇಡುತ್ತಾರೆ. ನೋಡುವವರ ಫೋನು ತನ್ನ ನೆಟ್‌ವರ್ಕಿನ ಶಕ್ತಿ ನೋಡಿಕೊಂಡು ಯಾವ ಅಳತೆಯ ತುಂಡು ತನಗೆ ಜೀರ್ಣವಾಗುತ್ತದೋ ಅದನ್ನು ಕೇಳಿ ತೆಗೆದುಕೊಳ್ಳುತ್ತದೆ. ದಾರಿ ಕೆಟ್ಟರೆ ಚಿಕ್ಕ ತುಂಡು, ಸುಧಾರಿಸಿದರೆ ಮತ್ತೆ ದೊಡ್ಡದು. ಹಾಗಾಗಿ ಚಿತ್ರ ಮಸುಕಾದೀತು, ನಿಲ್ಲುವುದಿಲ್ಲ. ಇದನ್ನು ಕೇಳಿ ನಾನು, ಇದು ನಮ್ಮ ರೆಡಿಮೇಡ್ ನೈಟಿಯ ಹಾಗೇ ಆಯಿತಲ್ಲ, ಒಂದೇ ಡಿಸೈನು, ಬೇರೆ ಬೇರೆ ಸೈಜು ಎಂದೆ. ಅವರಿಗೆ ಕೋಪ ಬಂತು. "ನೈಟಿ ಅಂತೀರಲ್ರೀ ಅಕ್ಕಾರ. ಊಟಕ್ಕ ಹೋಲಿಸಿದ್ದನ್ನ ತಂದು ನೈಟಿಗೆ ಹಾಕಿದ್ರಿ." ಎರಡು ದಿನ ಹಲಗೆಯ ಆ ಕಡೆಯಿಂದ ಮಾತಿಲ್ಲ. ಮೂರನೆಯ ದಿನ ಮಷೀನಿಗೆ ಹೊದಿಸುವ ಒದ್ದೆ ಟವಲಿಗೆ ಅಂಚು ಹೊಲಿಸಿಕೊಳ್ಳುವ ನೆಪದಲ್ಲಿ ಬಂದರು. ಮಷೀನು ಕಾದರೆ ಅದಕ್ಕೆ ಜ್ವರ ಬಂದವರ ಹಣೆಗೆ ಹಾಕುವ ಹಾಗೆ ಟವಲು ಹಾಕುತ್ತಿದ್ದರು. ಅದು ಎಲ್ಲಿಯೂ ಯಾರೂ ಮಾಡಬಾರದ ಕೆಲಸ ಎಂದು ಆಮೇಲೆ ಗೊತ್ತಾಯಿತು. ಅವರ ಪುಣ್ಯಕ್ಕೆ ಮಷೀನು ಸುಟ್ಟುಹೋಗಲಿಲ್ಲ.

ಈ ಅಳತೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಸರಿಯಾಗಿದೆಯೇ ಎಂದು ನೋಡಲು ಅವರಿಗೆ ಸಿಕ್ಕಿದ್ದು ನನ್ನ ಫೋನು. ಕೆಲಸಕ್ಕೆ ಹೊರಡುವ ಮೊದಲು ಹಲಗೆ ಬಡಿದು, "ಕಡೀ ಎಲಿ ತೋರಸ್ರಿ" ಎನ್ನುವರು. ನಾನು ಫೋನು ಹಿಡಿಯಬೇಕು, ಅವರು ಆ ಕಡೆ ನಿಂತು ಕೈ ಆಡಿಸಬೇಕು, ಕೈ ಕಂಡಿತೇ ಎಂದು ನಾನು ಹೇಳಬೇಕು. ಒಮ್ಮೆ ನಾನು ಹೊಸ ಫೋನು ತೆಗೆದುಕೊಳ್ಳುತ್ತೇನೆ ಎಂದಾಗ ಅವರ ಮುಖ ನೋಡಬೇಕಿತ್ತು. "ಏನ್ ಮಾತಾಡ್ತೀರಿ. ನಿಮ್ಮ ಫೋನ್‌ನಾಗ ಬಂದ್ರ ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕಿಗೆ ಬಂತು ಅಂತ ನಾ ಧೈರ್ಯಾ ಮಾಡ್ತೀನಿ. ಅದನ್ನ ಬಿಡ್ತೀರಿ ಅಂದ್ರ ನಾ ಅಂಗಡಿ ಮುಚ್ಚೂದ ಸೈ." ರಬ್ಬರ್ ಬ್ಯಾಂಡ್ ತಂದು ಹಾಕಿದ್ದು ಆವಾಗಲೇ. ನನ್ನ ಬಡತನದ ಮೇಲೆ ಹೀಗೆ ಅಭಿಮಾನಪಟ್ಟವರು ಇನ್ನೊಬ್ಬರಿಲ್ಲ.

ಇನ್ನು ನನ್ನ ಅಕ್ಕನ ವಿಷಯ ಹೇಳಬೇಕು, ಯಾಕೆಂದರೆ ಲೈವಿನವರ ಬಡಾಯಿಗೆ ಸರಿಯಾಗಿ ಪೆಟ್ಟು ಕೊಟ್ಟವಳು ಅವಳೊಬ್ಬಳೇ. ಅಕ್ಕ ಯಲ್ಲಾಪುರದ ಕಡೆ ನಂದೊಳ್ಳಿಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ನಾನು ಸಿರ್ಸಿಯಲ್ಲಿ ಹೊಲಿಗೆ ಕಲಿತು ಅಂಗಡಿ ಹಾಕಿ ಕಾಲೂರುವ ತನಕ ನನ್ನ ಮಗಳನ್ನು ಸಾಕಿದವಳು ಅವಳು. ಮಗಳು ಮಾತು ಕಲಿತದ್ದು ಅಲ್ಲಿ. ಅಮ್ಮನಿಗೆ ಹೇಳುವ 'ಆಯಿ' ಎಂಬ ಮಾತನ್ನು ಮೊದಲು ಹೇಳಿದ್ದು ಅವಳಿಗೆ, ನನಗಲ್ಲ. ಮಗಳ ಮದುವೆ ನಿಶ್ಚಯವಾಯಿತು. ಗಂಡಿನವರದ್ದು ಸಿದ್ದಾಪುರದ ಕಡೆ, ಹೇರೂರಿನ ಹತ್ತಿರದ ಒಂದು ಸಭಾಭವನದಲ್ಲಿ ಮದುವೆ. ಅಷ್ಟರಲ್ಲಿ ಅಕ್ಕ ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಹಾಸಿಗೆಯಿಂದ ಏಳಬಾರದು, ವಾಹನದಲ್ಲಿ ಕೂರುವುದಂತೂ ದೂರದ ಮಾತು.

ಲೈವಿನಲ್ಲಿ ನೋಡಬಹುದು ಎಂದೆ. ಅಕ್ಕ ಒಪ್ಪಲಿಲ್ಲ. ಹಿಂದೊಮ್ಮೆ ಊರವರ ಮದುವೆಯನ್ನು ಅವಳು ಹಾಗೇ ನೋಡಿದ್ದಳು. ಇವಳ ಫೋನಿನಲ್ಲಿ ಭಟ್ಟರು ಇನ್ನೂ ಮಂತ್ರ ಹೇಳುತ್ತಿರುವಾಗಲೇ ಮದುವೆಗೆ ಹೋದ ಸೊಸೆ ಇನ್ನೊಂದು ಫೋನಿನಲ್ಲಿ ಕರೆದು, ಮಾಂಗಲ್ಯ ಕಟ್ಟಿ ಆಯಿತು, ಎಲ್ಲರೂ ಅಕ್ಷತೆ ಹಾಕಿ ಆಯಿತು ಎಂದಿದ್ದಳು. ಲೈವು ಎನ್ನುವುದು ಅರ್ಧ ನಿಮಿಷ ಹಿಂದಿನದು ಎಂದು ಅಕ್ಕನಿಗೆ ಅವತ್ತೇ ತಿಳಿದುಹೋಯಿತು.

"ಅದು ತಂಗಳು, ತಂಗಿ" ಎಂದಳು. "ಕೂಸಿನ ಕೊರಳು ಕಂಡು, ಮಾಂಗಲ್ಯ ಕಟ್ಟಿದ್ದು ಕಂಡು, ಎಲ್ಲರ ಜೊತಿಗೆ ಆನೂ ಅಕ್ಷತೆ ಹಾಕವು. ಎಲ್ಲರದ್ದೂ ಆಗಿ ಹೋದ ಮೇಲೆ ಆನೊಬ್ಬಳೇ ಇಲ್ಲಿ ಹಾಸಿಗೆ ಮೇಲೆ ಮಲ್ಗಿ ಹಾಕಿದ್ರೆ ಅದು ಅಕ್ಷತೆ ಅಲ್ಲ. ಹಕ್ಕಿಗೆ ಕಾಳು ಹಾಕಿದ ಹಂಗೆ."

ಹೇಳಿ ಅತ್ತಳು. ಸೊಂಟ ಮುರಿದಾಗಲೂ ಅಳದವಳು. ಮಗಳೂ, ಆಯಿ ಇಲ್ಲದೆ ಎಂಥ ಮದುವೆ ಎಂದು ಮುಖ ಸಣ್ಣ ಮಾಡಿಕೊಂಡು ಕೂತಳು.

ಈ ಮಾತನ್ನು ನಾನು ಹಲಗೆಯ ಆ ಕಡೆಗೆ ಹೇಳಬಾರದಿತ್ತೋ ಏನೋ. ಲೈವಿನವರು ಕೂತಲ್ಲಿಂದ ಎದ್ದರು. "ಏನಂದ್ರು? ತಂಗಳಾ? ನನ್ನ ಲೈವಿಗೆ ತಂಗಳಂದ್ರಾ?" ಅವರ ಹೆಂಡತಿಯೂ ಅವರಿಗೆ ಅಷ್ಟು ಕೆಟ್ಟ ಮಾತು ಆಡಿರಲಿಕ್ಕಿಲ್ಲ. ಅವತ್ತಿನಿಂದ ಆ ಅರ್ಧ ನಿಮಿಷವನ್ನು ಕೊಲ್ಲುವುದೇ ಅವರ ಕೆಲಸವಾಯಿತು.

ಅಕ್ಕನದ್ದೂ ನನ್ನದೂ ಒಂದೇ ಅಂಗಡಿಯಲ್ಲಿ ಒಂದೇ ದಿನ ತೆಗೆದುಕೊಂಡ ಫೋನು. ಹಾಗಾಗಿ ಪ್ರಯೋಗ ಸುಲಭ. ಇವರು ಸ್ಟುಡಿಯೋದಲ್ಲಿ ಚಪ್ಪಾಳೆ ತಟ್ಟುವುದು, ಅಕ್ಕ ಮಲಗಿದಲ್ಲೇ ನೋಡಿ ಸೊಸೆಯ ಫೋನಿನಿಂದ "ಈಗ ತಟ್ಟಿದೆ" ಎನ್ನುವುದು. ತಡವನ್ನು ಕಡಿಮೆ ಮಾಡಿದರೆ ಚಿತ್ರ ಸಿಕ್ಕಿಕೊಂಡು ನಿಲ್ಲುತ್ತಿತ್ತು; ಅಕ್ಕನಿಗೆ ಕಾಣುತ್ತಿದ್ದದ್ದು ಬಾಯಿ ಅರ್ಧ ತೆರೆದು ಕೈ ಅಗಲಿಸಿ ನಿಂತ ಒಬ್ಬ ಮನುಷ್ಯ, ಅಷ್ಟೇ. ನಿಲ್ಲದ ಹಾಗೆ ಮಾಡಿದರೆ ಮತ್ತೆ ತಡ. ತುಂಡುಗಳನ್ನು ಮೊದಲೇ ಸ್ವಲ್ಪ ಕೂಡಿಟ್ಟುಕೊಂಡರೆ ಮಾತ್ರ ಬಡ ಫೋನು ನಡುವೆ ತಡವರಿಸುವುದಿಲ್ಲವಂತೆ. ವಿಡಿಯೋ ಕಾಲ್ ಮಾಡಿದರೂ ಅದೇ ಹಣೆಬರಹ. "ಹೇರೂರಿಂದ ನಂದೊಳ್ಳಿಗೆ ಸೀದಾ ದಾರಿ ಇಲ್ರೀ" ಎಂದು ಒಂದು ದಿನ ಸೋತ ದನಿಯಲ್ಲಿ ಹೇಳಿದರು. "ಎಲ್ಲಾ ಮುಂಬೈಗೆ ಹೋಗಿ ತಿರುಗಿ ಬರಬೇಕು." ಅಷ್ಟು ದೂರ ಹೋಗಿ ಅರ್ಧ ನಿಮಿಷದಲ್ಲಿ ಬರುತ್ತದೆಂದರೆ ನಮ್ಮ ಯಲ್ಲಾಪುರದ ಬಸ್ಸಿಗಿಂತ ಎಷ್ಟೋ ವಾಸಿ ಎಂದು ನಾನು ಸಮಾಧಾನ ಹೇಳಿದೆ. ಅವರು ನಗಲಿಲ್ಲ. ಅದೊಂದೇ ಸಲ ನಾನು ಅವರನ್ನು ಬಡಾಯಿ ಇಲ್ಲದೆ ನೋಡಿದ್ದು, ಮತ್ತು ನೋಡಿ ನನಗೆ ಸಂತೋಷವೇನೂ ಆಗಲಿಲ್ಲ.

ಮದುವೆಯ ದಿನ ಬಂತು. ತಡ ಹಾಗೇ ಇತ್ತು. ಸಾಲದ್ದಕ್ಕೆ ಆ ಸಭಾಭವನದಲ್ಲಿ ಸಿಗುತ್ತಿದ್ದದ್ದೇ ಅಷ್ಟಿಷ್ಟು ನೆಟ್‌ವರ್ಕು. ಅದನ್ನೂ ತಿಂದುಹಾಕಿದವರು ಬೇರೆ ಯಾರೂ ಅಲ್ಲ, ಎದುರು ಕೂತ ನಮ್ಮ ನೆಂಟರೇ. ಮಂಟಪದ ಸುತ್ತ ಫೋಟೋದವರು ಕೋಟೆ ಕಟ್ಟಿದ ಹಾಗೆ ನಿಂತಿದ್ದರಿಂದ ಕುರ್ಚಿಯಲ್ಲಿ ಕೂತವರಿಗೆ ಮದುಮಕ್ಕಳ ಬದಲು ಅವರ ಬೆನ್ನು ಕಾಣುತ್ತಿತ್ತು. ಹಾಗಾಗಿ ಮದುವೆಗೆ ಬಂದವರೆಲ್ಲ ಮದುವೆಯಲ್ಲಿ ಕೂತುಕೊಂಡೇ ಮದುವೆಯ ಲೈವು ನೋಡುತ್ತಿದ್ದರು. ಲೈವಿನವರು ಮೈಕ್ ಹಿಡಿದು, "ಇಲ್ಲೇ ಇದ್ದವ್ರು ಫೋನ್ ಬಂದ್ ಮಾಡ್ರೀ, ಕಣ್ಣು ತಗದು ನೋಡ್ರಿ" ಎಂದು ಬೇಡಿಕೊಂಡರು. ಆ ಬೇಡಿಕೆಯನ್ನೂ ಎಲ್ಲರೂ ಫೋನಿನಲ್ಲೇ ನೋಡಿದರು.

ಆಗ ಅವರು ದೊಡ್ಡ ಅಳತೆಗಳನ್ನೆಲ್ಲ ನಿಲ್ಲಿಸಿದರು. ಇದ್ದ ದಾರಿಯಲ್ಲಿ ಚಿಕ್ಕದೊಂದನ್ನೇ ಕಳಿಸತೊಡಗಿದರು. ಹುಬ್ಬಳ್ಳಿಯಲ್ಲಿ ಗೋಡೆಯಷ್ಟಗಲದ ಟೀವಿಯಲ್ಲಿ ನೋಡುತ್ತಿದ್ದ ಗಂಡಿನ ಸೋದರಮಾವನಿಂದ ತಕ್ಷಣ ಫೋನು ಬಂತು: ಮದುಮಗ ಯಾರು, ಕಂಬ ಯಾವುದು ಗೊತ್ತಾಗುತ್ತಿಲ್ಲ ಎಂದು. "ಮಾವಾರ, ಕಂಬಕ್ಕ ಪೇಟಾ ಇಲ್ಲ" ಎಂದು ಹೇಳಿ ಇವರು ಫೋನು ಇಟ್ಟರು.

ಮಂಗಲಾಷ್ಟಕ ಮುಗಿಯಿತು. ಅಂತಃಪಟ ಸರಿಯಿತು. ಅಳಿಯ ಮಾಂಗಲ್ಯ ಕಟ್ಟಿದ. ವಾದ್ಯ ಜೋರಾಯಿತು, ನೆಂಟರೆಲ್ಲ ಎದ್ದು ನಿಂತು ಅಕ್ಷತೆಯ ಕೈ ಎತ್ತಿದರು. ಅಷ್ಟರಲ್ಲಿ ಮೈಕಿನಲ್ಲಿ ಲೈವಿನವರ ಇಬ್ಬರಿಗಾಗುವ ಆ ದನಿ ಗುಡುಗಿತು:

"ಯಾರೂ ಅಕ್ಷತಿ ಹಾಕಬ್ಯಾಡ್ರಿ. ತಡೀರಿ. ಎತ್ತಿದ ಕೈ ಹಂಗ ಇರ್ಲಿ."

ಎತ್ತಿದ ಕೈಗಳು ಹಾಗೇ ನಿಂತವು. ವಾದ್ಯದವನು ಉಸಿರು ತೆಗೆದುಕೊಳ್ಳುವುದೋ ಬಿಡುವುದೋ ತಿಳಿಯದೆ ಒಂದೇ ಸ್ವರವನ್ನು ಎಳೆಯತೊಡಗಿದ. ಮೊದಲೇ ಹಾಕಿಬಿಟ್ಟಿದ್ದ ಒಬ್ಬ ಅಜ್ಜ ಬಗ್ಗಿ ಕಾಳು ಆರಿಸಿಕೊಳ್ಳತೊಡಗಿದ. ಮದುಮಕ್ಕಳು ತಲೆ ಬಗ್ಗಿಸಿ ಕಾಯುತ್ತಿದ್ದರು. ನಾನೋ, ನನ್ನ ಮಗಳ ಮದುವೆ ಈ ಮನುಷ್ಯನಿಂದ ಹಾಳಾಯಿತು ಎಂದು ನಿಂತಲ್ಲೇ ಬೆವರಿದೆ. ಅವರು ನನ್ನ ಕೈಯಿಂದ ಹಳೇ ಫೋನು ಕಿತ್ತುಕೊಂಡು, ಒಡೆದ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಿದ್ದರು. ಅದರಲ್ಲಿ ಇನ್ನೂ ಮಂಗಲಾಷ್ಟಕ ನಡೆಯುತ್ತಿತ್ತು.

ಭಟ್ಟರು ಮಂಟಪದಿಂದಲೇ ಗದರಿದರು. "ಎಂತದಾ ಇದು? ನೀ ಎಂತಕ್ಕೆ ಕಾಯ್ತಾ ಇದ್ದೆ?"

"ಕಡೀ ಎಲಿಗೆ ಇನ್ನೂ ಬಡಿಸಿಲ್ರೀ ಭಟ್ಟರ. ನಂದೊಳ್ಳಿಯಾಗ ದೊಡ್ಡಕ್ಕಾರ ಕುಂತಾರ. ಕೂಸನ್ನ ಸಾಕಿದವರು."

ಬೇರೆ ಊರಿನ ಭಟ್ಟರಾಗಿದ್ದರೆ ಅವತ್ತು ಏನಾಗುತ್ತಿತ್ತೋ. ನಮ್ಮವರಿಗೆ ಆ ಒಂದು ಮಾತು ಸಾಕಾಯಿತು. ಭಟ್ಟರ ಹುಬ್ಬು ಇಳಿಯಿತು. "ಮುಹೂರ್ತ ಇನ್ನೂ ಇದ್ದು, ಅವಸರ ಇಲ್ಲೆ. ಎಲ್ಲರೂ ತಡೀರಿ" ಎಂದರು. ಇಡೀ ಸಭಾಭವನ, ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು, ಅಡುಗೆಯವರು ಸಮೇತ, ಮುಷ್ಟಿ ಎತ್ತಿಕೊಂಡು ನಿಂತರು. ಒಬ್ಬರೂ ಗೊಣಗಲಿಲ್ಲ. ಮಗಳು ತಲೆ ಎತ್ತಿ ಒಮ್ಮೆ ಕ್ಯಾಮೆರಾದ ಕಡೆ ನೋಡಿದಳು. ಅವಳ ಕಣ್ಣು ತುಂಬಿತ್ತು.

ಫೋನಿನಲ್ಲಿ ಅಂತಃಪಟ ಸರಿಯಿತು. ಮಸುಕು ಮಸುಕಾದ ಅಳಿಯ ಮಸುಕಾದ ಮಗಳ ಕೊರಳಿಗೆ ಕೈ ಚಾಚಿದ.

"ಹೂಂ, ಬಂತು. ಹಾಕ್ರಿ ಈಗ."

ಅಕ್ಷತೆ ಬಿತ್ತು. ಅಷ್ಟು ಒಟ್ಟಿಗೆ, ಒಂದೂ ಹಿಂದೆಮುಂದೆ ಆಗದೆ ಬಿದ್ದ ಅಕ್ಷತೆಯನ್ನು ನಾನು ಬೇರೆ ಯಾವ ಮದುವೆಯಲ್ಲಿಯೂ ಕಂಡಿಲ್ಲ. ವಾದ್ಯದವನು ಕಡೆಗೂ ಉಸಿರು ತೆಗೆದುಕೊಂಡ.

ಸ್ವಲ್ಪ ಹೊತ್ತಿಗೆ ಅಕ್ಕನ ಫೋನು ಬಂತು. ದನಿಯಲ್ಲಿ ಗಾಬರಿ. "ತಂಗಿ, ಒಂದು ತಪ್ಪಾತಲೆ. ಮಾಂಗಲ್ಯ ಕಟ್ಟಿದ್ದು ಕಂಡ ಕೂಡ್ಲೆ ಆನು ಅಕ್ಷತೆ ಹಾಕಿಬಿಟ್ಟೆ. ಆಮೇಲೆ ಅವ ಮೈಕಲ್ಲಿ ಯಾರೂ ಹಾಕಡಿ ಹೇಳ್ದ. ಎಂಗೆ ಎಂತ ಗೊತ್ತಿತ್ತು? ನಿಂಗ ಎಲ್ಲಾ ಎಂತಕ್ಕೆ ಮುಷ್ಟಿ ಹಿಡ್ಕಂಡು ನಿಂತಿದ್ದು?"

ನಿನಗಾಗಿಯೇ ನಿಂತಿದ್ದೆವು, ನಿನಗೆ ಕಂಡ ಹೊತ್ತಿಗೇ ಇಲ್ಲಿಯೂ ಹಾಕಿದೆವು ಎಂದು ಬಿಡಿಸಿ ಹೇಳಿದೆ. ಅಕ್ಕ ಮೂಗು ಸೊರ್ ಎಂದು ಎಳೆದುಕೊಂಡು ಹೇಳಿದಳು: "ಹಂಗಾರೆ ಇದು ತಂಗಳು ಅಲ್ಲ."

ಲೈವಿನವರು ಪಕ್ಕದಲ್ಲೇ ನಿಂತು ಕಿವಿ ಕೊಟ್ಟಿದ್ದರು. ಮಷೀನಿನ ಮೇಲಿದ್ದ ಒದ್ದೆ ಟವಲು ತೆಗೆದು ಮುಖ ಒರೆಸಿಕೊಂಡರು. ಬೆವರು ಎಂದರು. ಆಮೇಲೆ ವರ್ಷವಿಡೀ ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ, "ಅರ್ಧ ನಿಮಿಷ ತಡಾನ ನಾ ಸೊನ್ನಿಗೆ ಇಳಿಸೀನಿ, ದೇಶದಾಗ ಯಾರೂ ಮಾಡಿಲ್ಲ" ಎಂದು ಹೇಳಿಕೊಂಡರು. ನೀವು ಲೈವನ್ನು ಮುಂದೆ ತಂದದ್ದಲ್ಲ, ಮದುವೆಯನ್ನು ಹಿಂದೆ ತಳ್ಳಿದ್ದು ಎಂದು ಹಲಗೆಯ ಈ ಕಡೆಯಿಂದ ನಾನು ಕೂಗಿದರೆ, "ಎರಡೂ ಒಂದ ಅಕ್ಕಾರ" ಎನ್ನುವರು. ಯೋಚಿಸಿದರೆ ಅದು ಸುಳ್ಳೂ ಅಲ್ಲ.

ಅಂಥವರು ಈ ವರ್ಷ ಒಂದು ಬೆಳಿಗ್ಗೆ, ಸ್ಟುಡಿಯೋದ ಬಾಗಿಲು ಎತ್ತಿ, ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಹಲಗೆಯ ಆ ಕಡೆ ಅಷ್ಟು ನಿಶ್ಶಬ್ದವಾದಾಗಲೇ ನನಗೆ ಸಂಶಯ ಬರಬೇಕಿತ್ತು. ಅವರು ಸುಮ್ಮನಿದ್ದದ್ದೇ ಇಲ್ಲವಲ್ಲ.

ಸಿರ್ಸಿಯ ಫೋಟೋ, ವಿಡಿಯೋದವರೆಲ್ಲ ಸೇರಿ ಒಂದು ಶ್ರದ್ಧಾಂಜಲಿ ಸಭೆ ಮಾಡಿದರು. ಅದಕ್ಕೂ ಲೈವು ಇತ್ತು. ಅವರ ಕೈಕೆಳಗೆ ಕಲಿತ ಇನ್ನೊಂದು ಸ್ಟುಡಿಯೋದವರು 'ಎಲ್ಲರಿಗಿಂತ ಕೆಟ್ಟ ಫೋನು ಯಾರದ್ದಿದೆ' ಎಂದು ಕೇಳುತ್ತ ನನ್ನ ಹತ್ತಿರ ಬಂದರು. ನಾನು ಚೀಲದಿಂದ ಹಳೆಯದನ್ನು ತೆಗೆದು ಮಡಿಲಲ್ಲಿಟ್ಟುಕೊಂಡೆ. ಲೈವು ನೋಡು ಎಂದು ಅಕ್ಕನಿಗೂ ಹೇಳಿದ್ದೆ. ಅವಳು ಈಗ ಹಿಡಿದುಕೊಂಡು ಎದ್ದು ನಿಲ್ಲುವಷ್ಟು ಸುಧಾರಿಸಿದ್ದಾಳೆ.

ಭಾಷಣಗಳಾದವು. ಎಲ್ಲರೂ ಎದ್ದು ಒಂದು ನಿಮಿಷ ಮೌನ ಆಚರಿಸಬೇಕು ಎಂದರು. ಎದ್ದೆವು. ಮುಗಿಯಿತು ಎಂದರು. ಎಲ್ಲರೂ ಕುರ್ಚಿ ಎಳೆದುಕೊಂಡು ಕೂತರು. ನನ್ನ ಫೋನಿನಲ್ಲಿ ಮಾತ್ರ ಎಲ್ಲರೂ ಇನ್ನೂ ನಿಂತೇ ಇದ್ದರು. ನನಗೆ ಕೂರಲು ಆಗಲಿಲ್ಲ. ವೇದಿಕೆಯವರು, ಕೂತುಕೊಳ್ಳಿ ಎಂದು ಕೈ ಮಾಡಿದರು. ನಾನು ಫೋನು ಎತ್ತಿ ತೋರಿಸಿದೆ. ಯಾರಿಗೂ ಅರ್ಥವಾಗಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು ಮಾತ್ರ ಕೋಲು ಊರಿಕೊಂಡು ಎದ್ದರು. ಮಗಳ ಮದುವೆ ಮಾಡಿಸಿದ ಭಟ್ಟರು.

"ಕಡೇ ಎಲೆಗೆ ಇನ್ನೂ ಮುಗಿದಿಲ್ಲೆ" ಎಂದರು.

ಒಬ್ಬೊಬ್ಬರಾಗಿ ಎಲ್ಲರೂ ಮತ್ತೆ ಎದ್ದರು. ಫೋನಿನಲ್ಲಿ ನಾವೆಲ್ಲ ಕೂತ ಮೇಲೆ ಇಲ್ಲಿ ನಾವೂ ಕೂತೆವು.

ಮನೆಗೆ ಬಂದ ಮೇಲೆ ಅಕ್ಕ ಫೋನು ಮಾಡಿದಳು. "ನಿಂಗ ಎದ್ದಾಗ ಆನೂ ಮಂಚ ಹಿಡ್ಕಂಡು ಎದ್ದಿದ್ದೆ. ನಿಂಗ ಕೂತ್ರಿ, ಆನೂ ಕೂತೆ. ನೋಡ್ತೆ, ನಿಂಗ ಮತ್ತೆ ಎದ್ರಿ. ಆನೂ ಮತ್ತೆ ಎದ್ದೆ."

ನಾನು ಬೈದೆ. ಇಂಥ ಸೊಂಟ ಇಟ್ಟುಕೊಂಡು ಎರಡು ಸಲ ಏಳುವುದು ಯಾವ ಬುದ್ಧಿ, ಮಲಗಿಯೇ ನೋಡಿದ್ದರೆ ಯಾರು ಕೇಳುತ್ತಿದ್ದರು ಎಂದೆ.

"ಅವತ್ತು ಅವ ಎನ್ನ ಸಲುವಾಗಿ ಕಾದಿದ್ದ ತಂಗಿ" ಎಂದಳು ಅಕ್ಕ. "ಅಂವಂಗೆ ಆನು ಅಷ್ಟಾದ್ರೂ ನಿಂತ್ಕಳದು ಬ್ಯಾಡ್ದ?"